ಸೆಲ್ಫ್ ಸ್ಟೋರೇಜ್‌ಗೆ ಸ್ಟೀಲ್ ಶೆಡ್: ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳೋ ಪ್ರಶ್ನೆಗಳು

ಇಲವಾಲದ ಹತ್ರ ನಮ್ದೊಂದು ಸಣ್ಣ ಸ್ಟೋರೇಜ್ ಇದೆ, ಸ್ಟೀಲ್ ಶೆಡ್ಡು, ಒಳಗೆ ಸಾಲಾಗಿ ಶಟರ್ ಹಾಕಿದ ರೂಮುಗಳು. ನೋಡ್ಕೊಂಡು ಹೋದವರು, ಫೋನ್ ಮಾಡೋರು, ಮದುವೆ ಮನೇಲಿ ಪಕ್ಕದೆಲೆಗೆ ಕೂತವರು ಎಲ್ಲಾ ಸುತ್ತಿ ಬಳಸಿ ಇವನ್ನೇ ಕೇಳ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದು ಒಂದ್ಕಡೆ ಬರೆದಿಟ್ಟೆ. ಪ್ರಶ್ನೆಗಳು ಕೇಳಿದವರ ಮಾತಲ್ಲೇ ಇವೆ, ಸುಲಭದ್ದು ಮೊದಲು, ತಲೆನೋವಿನವು ಆಮೇಲೆ.

## ಮೊದಲ ಸಲ ಕೇಳೋರಿಗೆ

ಸೆಲ್ಫ್ ಸ್ಟೋರೇಜ್ ಅಂದ್ರೆ ಗೋಡೌನ್ ತಾನೆ? ಹೊಸ ಹೆಸರಿಟ್ರೆ ಆಯ್ತಾ?

ಗೋಡೌನ್ ಅಂದ್ರೆ ಇಡೀ ಜಾಗ ಒಬ್ಬನೋ ಇಬ್ಬರೋ ವ್ಯಾಪಾರಿಗೆ ಕೊಟ್ಟು ಸುಮ್ನಾಗೋದು. ಇಲ್ಲಿ ಅದೇ ಜಾಗಾನ 25, 50, 100, 200 ಚದರಡಿ ರೂಮುಗಳಾಗಿ ಒಡೆದು ಐವತ್ತು ಜನಕ್ಕೆ ಕೊಡ್ತೀವಿ, ಬೀಗ ಅವರದ್ದು, ಕೀ ಅವರ ಜೇಬಲ್ಲಿ, ಒಳಗೇನಿದೆ ಅಂತ ನಾವು ತೆಗೆದು ನೋಡಲ್ಲ. 25 ಚದರಡಿ ಅಂದ್ರೆ ಸಣ್ಣ ಬಚ್ಚಲುಮನೆ ಅಷ್ಟು, ಒಂದು ಬೀರು ಮತ್ತೆ ಹತ್ತು ಹದಿನೈದು ರಟ್ಟಿನ ಡಬ್ಬ ಕೂರತ್ತೆ. 100 ಚದರಡೀಲಿ ಒಂದು ಎರಡು ಬೆಡ್‌ರೂಮ್ ಮನೆ ಸಾಮಾನನ್ನ ಜೋಡಿಸೋಕೆ ಬಂದವನು ಜೋಡಿಸಿದ್ರೆ ಹಿಡಿಸ್ತಾನೆ. ಚದರಡಿ ಲೆಕ್ಕದಲ್ಲಿ ಸಣ್ಣ ರೂಮಿಗೇ ಜಾಸ್ತಿ ಬಾಡಿಗೆ ಹುಟ್ಟೋದು, ಆದ್ರೆ ಗಿರಾಕಿಗಳ ಕಾಟಾನೂ ಅಷ್ಟೇ ಜಾಸ್ತಿ.

ಮೈಸೂರಲ್ಲಿ ಯಾರ್ ಸಾರ್ ದುಡ್ಡು ಕೊಟ್ಟು ಸಾಮಾನು ಇಡ್ತಾರೆ, ಎಲ್ರ ಮನೇಲೂ ಅಟ್ಟ ಇದ್ಯಲ್ಲ?

ಅಟ್ಟ ಇರೋ ಮನೆಗಳನ್ನೇ ಈಗ ಒಡೀತಿರೋದು. ಅಗ್ರಹಾರ, ಚಾಮರಾಜಪುರಂ ಕಡೆ ಹಳೇ ಮನೆ ಕೆಡವಿ ಕಟ್ಟಿಸೋರಿಗೆ ಒಂದು ವರ್ಷ ಒಂದೂವರೆ ವರ್ಷ ಸಾಮಾನು ಇಡೋಕೆ ಜಾಗ ಬೇಕು. ರಿಟೈರ್ ಆಗಿ ದೊಡ್ಡ ಮನೆಯಿಂದ ಫ್ಲಾಟಿಗೆ ಹೋದೋರು, ಟ್ರಾನ್ಸ್‌ಫರ್ ಆದ ಬ್ಯಾಂಕಿನವರು, ಮಗನ ಹತ್ರ ಅಮೆರಿಕಕ್ಕೆ ಆರು ತಿಂಗಳು ಹೋಗೋರು, ವಕೀಲರ ಹಳೇ ಫೈಲು, ಶಾಮಿಯಾನದವರ ಕುರ್ಚಿ, ಆನ್‌ಲೈನಲ್ಲಿ ಸೀರೆ ಮಾರೋ ಹೆಣ್ಮಕ್ಕಳ ಸ್ಟಾಕು. ನಮ್ಮಲ್ಲಿ ಒಂದು ರೂಮಿನ ತುಂಬಾ ದಸರಾ ಗೊಂಬೆ ಇದೆ, ವರ್ಷಕ್ಕೆ ಎರಡೇ ಸಲ ಆ ಶಟರ್ ತೆಗೆಯೋದು, ನವರಾತ್ರಿಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ.

ಆದ್ರೆ ಬೆಂಗಳೂರಿನ ಲೆಕ್ಕ ತಂದು ಇಲ್ಲಿ ಹಾಕ್ಬೇಡಿ. ಇಲ್ಲಿನ್ನೂ ಜನಕ್ಕೆ ಅತ್ತೆ ಮನೆ, ಚಿಕ್ಕಪ್ಪನ ಗ್ಯಾರೇಜು ಅಂತ ಪುಕ್ಕಟೆ ಜಾಗ ಇದೆ. ನಿಧಾನಕ್ಕೇ ತುಂಬತ್ತೆ. ಮಂಡ್ಯದಲ್ಲಿ ಮನೆ ಸಾಮಾನಿಗಿಂತ ಅಂಗಡಿಯವರ ಸಾಮಾನು ಜಾಸ್ತಿ ಅಂದ್ಕೊಂಡೇ ಹೊರಡಿ.

ಪಿಇಬಿ, ಪ್ರಿಫ್ಯಾಬ್, ಮಾಮೂಲಿ ಶೀಟ್ ಶೆಡ್ಡು ಮೂರೂ ಒಂದೇ ಅಲ್ವಾ?

ಊರ ವೆಲ್ಡಿಂಗ್ ಶಾಪಿನವರು ಪೈಪು, ಆಂಗಲ್ ತಂದು ಸೈಟಲ್ಲೇ ಕೊಯ್ದು ಬೆಸುಗೆ ಹಾಕಿ ನಿಲ್ಲಿಸೋದು ಮಾಮೂಲಿ ಶೆಡ್ಡು. ಪಿಇಬಿ ಅಂದ್ರೆ ಮೊದಲೇ ಡಿಸೈನ್ ಮಾಡಿ, ಫ್ಯಾಕ್ಟರೀಲಿ ಕಂಬ ತೊಲೆ ಎಲ್ಲಾ ತಯಾರಿಸಿ, ತೂತು ಕೊರೆದು, ಪೇಂಟ್ ಹೊಡೆದು ಲಾರೀಲಿ ತಂದು ಸೈಟಲ್ಲಿ ಬೋಲ್ಟ್ ಮಾತ್ರ ಬಿಗಿಯೋದು. ಅದರ ಕಂಬ ನೋಡಿದ್ರೆ ಗೊತ್ತಾಗತ್ತೆ, ಕೆಳಗೆ ಸಣ್ಣ, ಮೇಲೆ ಅಗಲ, ಎಲ್ಲಿ ಹೊರೆ ಜಾಸ್ತಿಯೋ ಅಲ್ಲಿ ಮಾತ್ರ ಸ್ಟೀಲು. ಮೇನ್ ಫ್ರೇಮಿಗೆ ಸಾಮಾನ್ಯವಾಗಿ 345 ಎಂಪಿಎ (ಸ್ಟೀಲಿನ ಶಕ್ತಿಯ ಅಳತೆ) ಪ್ಲೇಟು, ಅದರ ಮೇಲೆ ಝಡ್ ಆಕಾರದ ಪರ್ಲಿನ್ನು (ಶೀಟು ಹೊರೋ ಅಡ್ಡಪಟ್ಟಿ), ಅದರ ಮೇಲೆ ಶೀಟು. ಪ್ರಿಫ್ಯಾಬ್ ಅನ್ನೋದು ದೊಡ್ಡ ಕೊಡೆ ಇದ್ದಂಗೆ, ಸೈಟಲ್ಲಿಡೋ ಆಫೀಸ್ ಕ್ಯಾಬಿನ್ನಿಗೂ ಅದೇ ಹೆಸರು ಹೇಳ್ತಾರೆ. ಕೊಟೇಶನ್ ತಗೊಳ್ಳೋವಾಗ ಯಾವುದು ಅಂತ ಬಿಡಿಸಿ ಕೇಳಿ.

ಹಳೇ ಕಂಟೇನರ್ ತಂದು ಸಾಲಾಗಿ ಇಟ್ಬಿಟ್ರೆ ಸಾಕಲ್ವಾ, ಕಟ್ಟೋ ತಾಪತ್ರಯನೇ ಇಲ್ಲ?

ಐದಾರು ಗಿರಾಕಿಗೆ ಸಾಕು. 20 ಅಡಿ ಕಂಟೇನರ್ ಒಳಗೆ ಸುಮಾರು 150 ಚದರಡಿ ಸಿಗತ್ತೆ, ಖಾಲಿ ಇದ್ರೂ ಎರಡು ಟನ್ ಮೇಲಿರತ್ತೆ, ಕ್ರೇನ್ ಬಂದು ಹೋಗೋಕೆ ದಾರಿ ಬೇಕು. ಏಪ್ರಿಲ್ ಬಿಸಿಲಿಗೆ ಒಳಗೆ ಕೈ ಇಡೋಕಾಗಲ್ಲ. ಬಿಸಿನೆಸ್ ನಡಿಯತ್ತೋ ಇಲ್ವೋ ಅಂತ ಟೆಸ್ಟ್ ಮಾಡೋಕೆ ಒಳ್ಳೇದು, ಬೆಳೆಸೋಕೆ ಅಲ್ಲ.

## ಜಾಗದ ವಿಚಾರ

ಅಣ್ಣ, ನಮ್ದು ಹೈವೇ ಪಕ್ಕ ಗದ್ದೆ ಐತೆ, ಅಲ್ಲೇ ಶೆಡ್ ಎತ್ತಿಬಿಡ್ಲಾ?

ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಕಡೆಯಿಂದ ಬರೋ ಹತ್ತು ಫೋನಲ್ಲಿ ಏಳು ಇದೇ. 2023ರ ಮಾರ್ಚಲ್ಲಿ ಹೊಸ ಹೈವೇ ಉದ್ಘಾಟನೆ ಆದ್ಮೇಲೆ ಇನ್ನೂ ಜಾಸ್ತಿ ಆಗಿದೆ. ಎತ್ಬೇಡಿ. ವ್ಯವಸಾಯದ ಜಮೀನಲ್ಲಿ ಬೇರೆ ವ್ಯಾಪಾರ ಮಾಡೋಕೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ 95ನೇ ಸೆಕ್ಷನ್ ಕೆಳಗೆ ಸಾಮಾನ್ಯವಾಗಿ ಕನ್ವರ್ಷನ್ ಬೇಕಾಗತ್ತೆ. ಆ ಸರ್ವೆ ನಂಬರು ಮಾಸ್ಟರ್ ಪ್ಲಾನಲ್ಲಿ ಯಾವ ಬಣ್ಣದಲ್ಲಿದೆ ಅಂತ ಮೊದಲು ಯೋಜನಾ ಪ್ರಾಧಿಕಾರದಲ್ಲಿ ನೋಡಿ, ಹಸಿರು ವಲಯ ಅಂದ್ರೆ ಅಲ್ಲಿಗೇ ಅರ್ಧ ಕಥೆ ಮುಗೀತು. ವಿಶ್ವೇಶ್ವರಯ್ಯ ನಾಲೆ ಅಚ್ಚುಕಟ್ಟಿನ ನೀರಾವರಿ ಗದ್ದೆಗೆ ಕನ್ವರ್ಷನ್ ಸಿಕ್ಕೇ ಸಿಗತ್ತೆ ಅಂತ ಲೆಕ್ಕ ಹಾಕಿ ಸಾಲಕ್ಕೆ ಕೈ ಹಾಕ್ಬೇಡಿ.

ಬೇರೆಯವರ ಜಮೀನು ತಗೊಳ್ತಿದ್ರೆ 2020ರ ತಿದ್ದುಪಡಿ ಆದ್ಮೇಲೆ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಾಟ ಇಲ್ಲ, ರೈತರಲ್ಲದೋರೂ ತಗೋಬೋದು, ನಿಜ. ಆದ್ರೆ ಅದು ಸರ್ಕಾರ ಎಸ್‌ಸಿ, ಎಸ್‌ಟಿಯವರಿಗೆ ಮಂಜೂರು ಮಾಡಿದ, ಮಾರಾಟಕ್ಕೆ ತಡೆ ಇರೋ ಪಿಟಿಸಿಎಲ್ ಜಮೀನಾ, ಪೋಡಿ (ಸರ್ವೆ ನಂಬರ್ ಅಳೆದು ಬೇರೆ ಮಾಡೋದು) ಆಗಿದ್ಯಾ, ನಕಾಶೇಲಿ ದಾರಿ ಇದ್ಯಾ ಅಂತ ನೋಡ್ದೆ ಅಡ್ವಾನ್ಸ್ ಕೊಡೋದು ಬೇಡ. ಪಕ್ಕದ ಜಮೀನಿನೋರು ಇಷ್ಟು ವರ್ಷ ಎತ್ತಿನ ಗಾಡಿ ಬಿಟ್ಟಿದ್ದಾರೆ ಅಂತ ನಿಮ್ ಗಿರಾಕೀದು ಲಾರಿ ಬಿಡಲ್ಲ.

ಇನ್ನೊಂದು, ಹೈವೇ ಮುಖ ಕಾಣ್ತಿದ್ರೆ ಸಾಕು ಅಂದ್ಕೋಬೇಡಿ. ಮೇನ್ ರಸ್ತೆಗೆ ಬೇಲಿ ಇದೆ, ಗಿರಾಕಿ ಬರೋದು ಸರ್ವಿಸ್ ರೋಡಿಂದ, ಇಳಿಯೋ ಜಾಗ ಎಷ್ಟು ದೂರ ನೋಡಿ.

ಎಷ್ಟು ಗುಂಟೆ ಇದ್ರೆ ವರ್ಕ್‌ಔಟ್ ಆಗತ್ತೆ?

ಒಂದು ಗುಂಟೆ 1,089 ಚದರಡಿ. 20 ಗುಂಟೆ ಅಂದ್ರೆ 21,780. ಅದರಲ್ಲಿ ಸೆಟ್‌ಬ್ಯಾಕು (ಸುತ್ತ ಖಾಲಿ ಬಿಡ್ಬೇಕಾದ ಜಾಗ), ಲಾರಿ ತಿರುಗೋ ಜಾಗ ಎಲ್ಲಾ ಬಿಟ್ಟು 60×100 ಅಡಿ ಶೆಡ್ ಒಂದು ಆರಾಮಾಗಿ ಕೂರತ್ತೆ, ಮುಂದೆ ಇನ್ನೊಂದಕ್ಕೂ ಜಾಗ ಉಳಿಯತ್ತೆ. ಆ 6,000 ಚದರಡೀಲಿ ಓಡಾಡೋ ಕಾರಿಡಾರು, ಆಫೀಸು, ಲೋಡಿಂಗ್ ಜಾಗ ಹೋಗಿ ಬಾಡಿಗೆಗೆ ಸಿಗೋದು 4,000 ಆಸುಪಾಸು. ಎಲ್ರೂ ಎಡವೋದು ಇಲ್ಲೇ. 6,000ಕ್ಕೆ ಬಾಡಿಗೆ ಗುಣಿಸಿ, ಬ್ಯಾಂಕಿಗೆ ಹೋಗಿ, ಆಮೇಲೆ ಕಾರಿಡಾರಿಗೆ ಯಾರೂ ದುಡ್ಡು ಕೊಡಲ್ಲ ಅಂತ ಗೊತ್ತಾಗೋದು. ಆ ನಾಲ್ಕು ಸಾವಿರಾನೂ ಅರ್ಧ ಖಾಲಿ ಇದ್ರೆ ಕಂತು ಕಟ್ಟೋಕಾಗತ್ತಾ ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ, ಆಗಲ್ಲ ಅಂದ್ರೆ ಶೆಡ್ ಚಿಕ್ಕದು ಮಾಡಿ.

## ಕಟ್ಟೋ ಹೊತ್ತಲ್ಲಿ

ಮೂರು ಕೊಟೇಶನ್ ತಗೊಂಡೆ, ಮೂರೂ ಮೂರು ಥರ, ಯಾವನು ನಿಜ ಹೇಳ್ತಿದಾನೆ?

ಚದರಡಿಗೆ ಇಷ್ಟು ಅಂತ ಕೊಟ್ಟಿರೋದನ್ನ ಪಕ್ಕಕ್ಕಿಡಿ. ತೂಕ ಕೇಳಿ. ನಮ್ಮ ಕಡೆ ಗಾಳಿಗೆ 60×100 ಅಡಿಯ ಒಂದಂತಸ್ತಿನ ಶೆಡ್ಡಿಗೆ ಚದರ ಮೀಟರಿಗೆ 20ರಿಂದ 30 ಕೆಜಿ ಸ್ಟೀಲು ಬರೋದು ಸಾಮಾನ್ಯ, ಅಂದ್ರೆ ಒಟ್ಟು 11ರಿಂದ 17 ಟನ್. ಒಬ್ಬ ಎಂಟೇ ಟನ್ನಲ್ಲಿ ಮುಗಿಸ್ತೀನಿ ಅಂದ್ರೆ ಅವನು ಬುದ್ಧಿವಂತ ಅಲ್ಲ, ಏನೋ ಬಿಟ್ಟಿದ್ದಾನೆ. ಸ್ಟೀಲು ಸೈಟಿಗೆ ಬಂದಾಗ ವೇ ಬ್ರಿಡ್ಜ್ ಚೀಟಿ ಇಸ್ಕೊಳ್ಳಿ.

ಆಮೇಲೆ ಶೀಟು. ಇಲ್ಲಿ ಟೋಪಿ ಹಾಕೋದು ಸುಲಭ. ಒಬ್ಬ 0.47 ಎಂಎಂ ಅಂತಾನೆ, ಇನ್ನೊಬ್ಬನೂ 0.47 ಅಂತಾನೆ, ಆದ್ರೆ ಒಬ್ಬ ಹೇಳ್ತಿರೋದು ಪೇಂಟು ಲೇಪ ಎಲ್ಲಾ ಸೇರಿದ ದಪ್ಪ, ಇನ್ನೊಬ್ಬಂದು ಬರೀ ಸ್ಟೀಲಿನ ದಪ್ಪ. ಟಿಸಿಟಿನಾ (ಲೇಪ ಸೇರಿದ್ದಾ) ಬಿಎಂಟಿನಾ (ಬರೀ ಸ್ಟೀಲಾ) ಅಂತ ಕೇಳಿದ ತಕ್ಷಣ ಎದುರಿಗಿರೋನು ನೆಟ್ಟಗೆ ಕೂತ್ಕೊಳ್ತಾನೆ, ಟ್ರೈ ಮಾಡಿ. ಲೇಪ ಬರೀ ಸತುವಾ, ಗ್ಯಾಲ್ವಲೂಮಾ ಅಂತಲೂ ಬರೆಸ್ಕೊಳ್ಳಿ. ಗ್ಯಾಲ್ವಲೂಮಲ್ಲಿ 55 ಪರ್ಸೆಂಟ್ ಅಲ್ಯುಮಿನಿಯಂ ಇರತ್ತೆ, ಛಾವಣಿಗೆ ಬಾಳಿಕೆ ಅದೇ ಜಾಸ್ತಿ, ಚದರ ಮೀಟರಿಗೆ 150 ಗ್ರಾಂ ಲೇಪ ಕೇಳಿ. ಗಟರು, ಅಂಚುಪಟ್ಟಿ, ಇನ್ಸುಲೇಶನ್, ಕ್ರೇನ್ ಬಾಡಿಗೆ, ಫೌಂಡೇಶನ್, ನೆಲ ಇವು ರೇಟಲ್ಲಿ ಸೇರಿವೆಯಾ ಇಲ್ವಾ ಅಂತ ಒಂದೊಂದಾಗಿ ಕೇಳಿ. ಸಾಮಾನ್ಯವಾಗಿ ಸೇರಿರಲ್ಲ.

ಇಷ್ಟು ಹಗುರದ್ದು ಗಾಳಿಗೆ ಹಾರಿಹೋಗಲ್ವಾ? ಫೌಂಡೇಶನ್ ಚಿಕ್ಕದು ಸಾಕು ಅಂತಾರಲ್ಲ?

ಇದು ಒಳ್ಳೇ ಪ್ರಶ್ನೆ, ಯಾಕಂದ್ರೆ ಹೆಚ್ಚಿನ ಮೇಸ್ತ್ರಿಗಳು ಇದನ್ನ ಉಲ್ಟಾ ಯೋಚಿಸ್ತಾರೆ. ಮನೆ ಫೌಂಡೇಶನ್ ಕೆಲಸ ಮನೆ ಕೆಳಗೆ ಕುಸೀದ ಹಾಗೆ ನೋಡ್ಕೊಳ್ಳೋದು. ಶೆಡ್ ಫೌಂಡೇಶನ್ ಕೆಲಸ ಶೆಡ್ ಮೇಲಕ್ಕೆ ಏಳದ ಹಾಗೆ ಹಿಡ್ಕೊಳ್ಳೋದು. ಕಟ್ಟಡದ ಹೊರೆ ಲೆಕ್ಕಕ್ಕೆ ಇರೋ ಭಾರತೀಯ ಕೋಡ್ ಐಎಸ್ 875ರ ಮೂರನೇ ಭಾಗದ ಪ್ರಕಾರ ಮೈಸೂರಿಗೆ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಹತ್ತತ್ರ 119 ಕಿಮೀ. ಅದರ ಒತ್ತಡ ಲೆಕ್ಕ ಹಾಕಿದ್ರೆ ಚದರ ಮೀಟರಿಗೆ 65 ಕೆಜಿ ಸುಮಾರು. ಶೆಡ್ಡಿನ ತೂಕ ಎಷ್ಟು? ಚದರ ಮೀಟರಿಗೆ 25 ಕೆಜಿ. ಅರ್ಥ ಆಯ್ತಲ್ಲ. ಗಾಳಿ ಛಾವಣಿ ಮೇಲೆ ಹಾಯೋವಾಗ ಮೇಲಕ್ಕೆ ಎಳೆಯತ್ತೆ, ಅದೇ ಹೊತ್ತಿಗೆ ದೊಡ್ಡ ಶಟರ್ ತೆಗೆದಿದ್ರೆ ಒಳಗಿಂದಾನೂ ನೂಕತ್ತೆ. ಏಪ್ರಿಲ್–ಮೇ ಗುಡುಗು ಮಳೇಲಿ ಶೀಟು ಹಾರೋದು ಹೀಗೇ, ಮಳೆ ಬಂತು ಅಂದ್ರೆ ಮೊದಲು ಮೇನ್ ಶಟರ್ ಇಳಿಸಿ ಅಂತ ನಮ್ ಹುಡುಗರಿಗೆ ಹೇಳಿಟ್ಟಿದೀನಿ.

ಹಾಗಾಗಿ ಕಾಂಕ್ರೀಟಿನ ತೂಕ, ಆಂಕರ್ ಬೋಲ್ಟ್ ಎಷ್ಟು ಆಳ ಹೋಗಿದೆ ಅನ್ನೋದು ಮುಖ್ಯ. ಬೋಲ್ಟನ್ನ ಟೆಂಪ್ಲೇಟ್ ಇಟ್ಟು ಕೂರಿಸದೆ ಕಣ್ಣಳತೇಲಿ ಹಾಕಿದ್ರೆ ಕಂಬ ಬಂದ ದಿನ ತೂತು ಕೂಡಲ್ಲ, ಆಮೇಲೆ ಗ್ಯಾಸ್ ಕಟ್ಟರ್ ತಂದು ತೂತು ದೊಡ್ಡದು ಮಾಡ್ತಾರೆ, ಅಲ್ಲಿಗೆ ಫ್ಯಾಕ್ಟರಿ ಡಿಸೈನ್ ಎಲ್ಲಾ ನೀರಲ್ಲಿ ಹೋಮ. ಮೈಸೂರಿನ ಕೆಂಪು ಮಣ್ಣಲ್ಲಿ ಅಷ್ಟು ತೊಂದ್ರೆ ಇಲ್ಲ, ಗದ್ದೆ ಮಣ್ಣು ಎರೆ ಮಣ್ಣಾದ್ರೆ ಸಾಯಿಲ್ ಟೆಸ್ಟ್ ಬಿಡ್ಲೇಬೇಡಿ, ಕಂಬ ನಿಲ್ಲತ್ತೆ, ನೆಲ ಉಬ್ಬಿ ಶಟರ್ ಸಿಕ್ಕಾಕ್ಕೊಳ್ಳತ್ತೆ.

ಬೇಸಿಗೇಲಿ ಒಳಗೆ ಓವನ್ ಆಗಲ್ವಾ? ಎಸಿ ಹಾಕ್ಬೇಕಾ?

ಬಿಸಿ ಎಲ್ರಿಗೂ ಹೊಳೆಯತ್ತೆ. ಹೊಳೆಯದೇ ಇರೋದು ಚಳಿಗಾಲದ ಬೆಳಗಿನ ಜಾವ. ನಮ್ಮ ಮೊದಲ ಶೆಡ್ಡಿಗೆ ದುಡ್ಡು ಉಳಿಸೋಕೆ ಬರೀ ಶೀಟ್ ಹಾಕಿಸಿದ್ದೆ, ಇನ್ಸುಲೇಶನ್ ಬೇಡ ಮೈಸೂರು ತಂಪು ಊರು ಅಂತ ಶೆಡ್ ಹಾಕಿದವರೂ ಹೇಳಿದ್ರು, ನಾನೂ ನಂಬಿದೆ. ಡಿಸೆಂಬರ್ ಕೊನೇಲಿ ಒಂದಿನ ಹೋಗಿ ನೋಡ್ತೀನಿ, ಮೋಡನೇ ಇಲ್ಲ, ಹೊರಗೆ ನೆಲ ಒಣಗಿದೆ, ಒಳಗೆ ಟಪ್ ಟಪ್ ಅಂತ ತೊಟ್ಟಿಕ್ತಿದೆ. ರಾತ್ರಿ ಶೀಟು ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗತ್ತೆ, ಒಳಗಿನ ಗಾಳೀಲಿರೋ ತೇವ ಅದಕ್ಕೆ ತಾಗಿ ನೀರಾಗತ್ತೆ, ಬೆಳಗ್ಗೆ ಉದುರತ್ತೆ. ಕೆಳಗಿದ್ದಿದ್ದು ಆ ಗೊಂಬೆ ಡಬ್ಬಗಳು. ಮೇಲಿನ ಎರಡು ಡಬ್ಬದಲ್ಲಿ ಬಟ್ಟೆ ತೇವ ಆಗಿತ್ತು, ಮಣ್ಣಿನ ಗೊಂಬೆ ಒಂದರ ಬಣ್ಣ ಎದ್ದಿತ್ತು, ಪಟ್ಟದ ಗೊಂಬೆಗಳು ಕೆಳಗಿನ ಡಬ್ಬದಲ್ಲಿದ್ದು ಉಳ್ಕೊಂಡ್ವು. ಗೊಂಬೆ ಇಟ್ಟಿದ್ದ ಅಜ್ಜಿ ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.

ಎಸಿ ಎಲ್ಲಾ ರೂಮಿಗೂ ಬೇಡ. ಶೀಟ್ ಕೆಳಗೆ 50 ಎಂಎಂ ಗ್ಲಾಸ್ ವೂಲ್ ಹಾಕಿ, ಅದರ ಫಾಯಿಲ್ ಮುಖ ಒಳಗಡೆ ಇರ್ಲಿ, ಜಾಯಿಂಟಿಗೆ ಟೇಪ್ ಹಚ್ಚಿ, ಇಲ್ಲಾಂದ್ರೆ ತೇವ ವೂಲ್ ಒಳಗೇ ಸೇರ್ಕೊಳ್ಳತ್ತೆ. ಮೇಲೆ ಗಾಳಿ ಹೋಗೋಕೆ ರಿಡ್ಜ್ ವೆಂಟ್ ಅಥವಾ ಟರ್ಬೋ ಫ್ಯಾನು, ಕೆಳಗೆ ಗಾಳಿ ಬರೋಕೆ ಜಾಲರಿ ಇರೋ ಲೂವರು, ಎರಡೂ ಬೇಕು, ಕೆಳಗೆ ದಾರಿ ಇಲ್ದೆ ಮೇಲೆ ಫ್ಯಾನ್ ಮಾತ್ರ ತಿರುಗಿದ್ರೆ ಶೋಕಿ ಅಷ್ಟೇ. ಛಾವಣಿ ಬಣ್ಣ ಬಿಳಿ ಅಥವಾ ತಿಳಿ ಬೂದು. ಕಡು ನೀಲಿ ಶೀಟು ಫೋಟೋಕ್ಕೆ ಚೆನ್ನಾಗಿರತ್ತೆ. ರೇಷ್ಮೆ ಸೀರೆ, ಫೈಲು, ಪಿಯಾನೋ ಇಡೋರಿಗೆ ಅಂತ ನಾಲ್ಕಾರು ರೂಮನ್ನ ಪಫ್ ಪ್ಯಾನೆಲ್‌ನಿಂದ (ಮಧ್ಯೆ ಫೋಮ್ ತುಂಬಿದ ಶೀಟು) ಕಟ್ಟಿ ಡೀಹ್ಯುಮಿಡಿಫೈಯರ್ (ತೇವ ಹೀರೋ ಮೆಷಿನ್) ಇಟ್ಟು ಜಾಸ್ತಿ ಬಾಡಿಗೆ ತಗೊಳ್ಳಿ.

ನಮ್ ಶೆಡ್ಡು ಎರಡನೇ ಮಳೆಗಾಲಕ್ಕೇ ಸೋರ್ತಿದೆ, ಶೀಟ್ ಬದಲಾಯಿಸ್ಬೇಕಾ?

ಶೀಟ್ ತೂತಾಗಿರಲ್ಲ, ಸ್ಕ್ರೂ ಜಾಗ ಸೋರ್ತಿರತ್ತೆ. ಸ್ಕ್ರೂ ಕೆಳಗಿನ ರಬ್ಬರ್ ವಾಷರು ಇಪಿಡಿಎಂ (ಬಿಸಿಲು ತಡೆಯೋ ರಬ್ಬರು) ಅಲ್ದೆ ಅಗ್ಗದ್ದಾದ್ರೆ ಬಿಸಿಲಿಗೆ ಸೀಳತ್ತೆ, ಹುಡುಗರು ಡ್ರಿಲ್ಲಲ್ಲಿ ಜಾಸ್ತಿ ಬಿಗಿದಿದ್ರೆ ಮೊದಲ ದಿನವೇ ಸತ್ತಿರತ್ತೆ. ಸ್ಕ್ರೂ ಬದಲಾಯಿಸಿ ನೋಡಿ ಮೊದಲು. ಹೊಸದಾಗಿ ಕಟ್ಟೋರು ಸ್ಟ್ಯಾಂಡಿಂಗ್ ಸೀಮ್ ಛಾವಣಿ ಕೇಳಿ, ಅದರಲ್ಲಿ ಶೀಟನ್ನ ಮಡಚಿ ಲಾಕ್ ಮಾಡೋದ್ರಿಂದ ಮೇಲೆ ತೂತೇ ಕಮ್ಮಿ.

ಎರಡನೇದು ಗಟರ್. 60×100 ಅಡಿ ಛಾವಣಿ ಮೇಲೆ 50 ಮಿಮೀ ಮಳೆ ಬಿದ್ರೆ ಹತ್ತತ್ರ 28,000 ಲೀಟರ್ ನೀರು. ಅದಿಷ್ಟೂ ಒಂದು ಗಂಟೇಲಿ ಸುರಿದ್ರೆ ನಾಲ್ಕಿಂಚಿನ ಎರಡೇ ಪೈಪಲ್ಲಿ ಇಳೀಬೇಕು ಅಂದ್ರೆ ಹೇಗೆ ಇಳೀತದೆ. ನಮ್ಮಲ್ಲಿ ಜೋರು ಮಳೆ ಜೂನ್–ಜುಲೈ ಅಲ್ಲ, ಮೇ ತಿಂಗಳಲ್ಲಿ ಮತ್ತೆ ಸೆಪ್ಟೆಂಬರ್–ಅಕ್ಟೋಬರಲ್ಲಿ, ಅದಕ್ಕೆ ಮುಂಚೆ ಎರಡ್ಸಲ ಗಟರಿನ ಎಲೆ ತೆಗೆಸಿ. ನೆಲಾನ ರಸ್ತೆಯಿಂದ ಎರಡಡಿ ಆದ್ರೂ ಎತ್ತರಿಸಿ. 2022ರ ಆಗಸ್ಟಲ್ಲಿ ರಾಮನಗರದ ಹತ್ರ ಹೈವೇ ಮೇಲೆ ಬಸ್ಸು ತೇಲ್ತಿದ್ದ ಹಾಗಿದ್ದಿದ್ದು ನೆನಪಿದ್ಯಲ್ಲ, ಕೆರೆ ಕೋಡಿ ಬಿದ್ರೆ ನೀರು ಹಳೇ ದಾರೀಲೇ ಹೋಗೋದು. ಜಾಗ ತಗೊಳ್ಳೋ ಮುಂಚೆ ಆ ಊರಿನ ವಯಸ್ಸಾದವರನ್ನ ಕೇಳಿ, ಗೂಗಲ್ ಮ್ಯಾಪನ್ನಲ್ಲ.

ಇಲಿ, ಗೆದ್ದಲು?

ಸ್ಟೀಲಿಗೆ ಗೆದ್ದಲು ಬರಲ್ಲ, ಒಳಗಿರೋ ಮಂಚಕ್ಕೆ ಬರತ್ತೆ. ನೆಲ ಹಾಕೋಕೆ ಮುಂಚೆ ಮಣ್ಣಿಗೆ ಗೆದ್ದಲು ಔಷಧಿ ಹೊಡೆಸಿ. ಶೀಟಿನ ಅಲೆ ನೆಲಕ್ಕೆ ಸೇರೋ ಕಡೆ ಫೋಮ್ ತುಂಬಿ, ಮೂರಡಿ ಇಟ್ಟಿಗೆ ಗೋಡೆ ಕಟ್ಟಿ ಅದರ ಮೇಲೆ ಶೀಟ್ ನಿಲ್ಲಿಸಿದ್ರೆ ಇನ್ನೂ ಒಳ್ಳೇದು. ತಿನ್ನೋ ಪದಾರ್ಥ ಒಳಗೆ ಬಿಡ್ಬೇಡಿ.

ಎಷ್ಟ್ ದಿನಕ್ಕೆ ರೆಡಿ ಆಗತ್ತೆ?

ಡ್ರಾಯಿಂಗ್ ಒಪ್ಪಿದ ದಿನದಿಂದ ಮೂರು ನಾಲ್ಕು ತಿಂಗಳು. ಕನ್ವರ್ಷನ್ನು, ಪ್ಲಾನ್ ಅಪ್ರೂವಲ್ಲು, ಸೆಸ್ಕ್ ಕರೆಂಟು ಇವಕ್ಕೆ ಅದರ ಎರಡರಷ್ಟು ಇಟ್ಕೊಳ್ಳಿ.

## ಸ್ವಲ್ಪ ಆಳದವು

ಎತ್ತರ ಹೇಗೂ ಇದೆ, ಒಳಗೇ ಒಂದು ಮಹಡಿ ಹಾಕಿದ್ರೆ ಡಬಲ್ ಬಾಡಿಗೆ ಅಲ್ವಾ?

ಹಾಕ್ಬೋದು, ಆದ್ರೆ ಮೊದಲೇ ಡಿಸೈನಲ್ಲಿ ಇರ್ಬೇಕು. ಮನೆ ನೆಲಕ್ಕೆ ಚದರ ಮೀಟರಿಗೆ 200 ಕೆಜಿ ಹೊರೆ ಅಂತ ಲೆಕ್ಕ. ಉಗ್ರಾಣಕ್ಕೆ ಐಎಸ್ 875ರ ಎರಡನೇ ಭಾಗ ಹೇಳೋದು ಸಾಮಾನು ಪೇರಿಸೋ ಪ್ರತಿ ಮೀಟರ್ ಎತ್ತರಕ್ಕೆ 240 ಕೆಜಿ, ಕನಿಷ್ಠ 750 ಕೆಜಿ. ಮೂರೂವರೆ ಪಟ್ಟಿಗೂ ಜಾಸ್ತಿ. ಯಾರೋ ವಕೀಲರು ಬಂದು ರೂಮ್ ತುಂಬಾ ಪುಸ್ತಕ ಇಟ್ರೆ ಆ ಕೋಡ್ ಯಾಕೆ ಹಾಗೆ ಹೇಳತ್ತೆ ಅಂತ ಗೊತ್ತಾಗತ್ತೆ. ಕಟ್ಟಿದ ಮೇಲೆ ಫ್ಯಾಬ್ರಿಕೇಶನ್‌ನವನ ಹತ್ರ ಆಂಗಲ್ ಕೊಟ್ಟು ಅಟ್ಟ ಹಾಕಿಸೋ ಐಡಿಯಾ ಯಾರಿಗಾದ್ರೂ ಬಂದ್ರೆ ದಯವಿಟ್ಟು ಬೇಡ. ಮತ್ತೆ ಮೇಲಿನ ರೂಮು ಕೆಳಗಿನ ರೇಟಿಗೆ ಹೋಗಲ್ಲ, ಸಾಮಾನಿನ ಲಿಫ್ಟ್ ಇಲ್ದಿದ್ರೆ ಹೋಗೋದೇ ಇಲ್ಲ.

ಸ್ಟೀಲಿಗೆ ಬೆಂಕಿ ಹತ್ತಲ್ಲ, ಮತ್ಯಾಕೆ ಫೈರ್ ಖರ್ಚು?

ಹತ್ತಲ್ಲ, ಮೆತ್ತಗಾಗತ್ತೆ. 550 ಡಿಗ್ರಿ ಸುಮಾರಿಗೆ ಸ್ಟೀಲಿನ ಶಕ್ತಿ ಅರ್ಧ ಹೋಗತ್ತೆ, ಹಾಸಿಗೆ ಸೋಫಾ ಉರಿಯೋ ಬೆಂಕೀಲಿ ಅಷ್ಟು ಬಿಸಿ ಬರೋಕೆ ಹೊತ್ತು ಬೇಕಿಲ್ಲ. ಒಳಗೇನಿದೆ ಅಂತ ನಮಗೆ ಗೊತ್ತಿಲ್ದೇ ಇರೋದೇ ಈ ಬಿಸಿನೆಸ್ಸಿನ ದೊಡ್ಡ ಅಪಾಯ. ಹೊಗೆ ಡಿಟೆಕ್ಟರು, ಬೆಂಕಿ ಆರಿಸೋ ಸಿಲಿಂಡರು, ಎರಡು ಕಡೆ ಹೊರಗೋಗೋ ಬಾಗಿಲು, ರೂಮೊಳಗೆ ಪ್ಲಗ್ ಪಾಯಿಂಟ್ ಇಲ್ಲ. ಪ್ಲಾನ್ ಮಾಡೋವಾಗ್ಲೇ ಅಗ್ನಿಶಾಮಕ ಇಲಾಖೆ ಏನು ಕೇಳತ್ತೆ ಅಂತ ತಿಳ್ಕೊಂಡು ಬನ್ನಿ. ಗ್ಯಾಸ್, ಪೆಟ್ರೋಲು, ಪಟಾಕಿ, ಪೇಂಟ್ ಥಿನ್ನರು ಕೂಡದು ಅಂತ ಅಗ್ರಿಮೆಂಟಲ್ಲೂ ಗೋಡೆ ಮೇಲೂ ಬರೀರಿ. ದೀಪಾವಳಿ ಹಿಂದಿನ ತಿಂಗಳು ಹೊಸ ಗಿರಾಕಿ ಸಣ್ಣ ರೂಮು ಒಂದೇ ತಿಂಗಳಿಗೆ ಕೇಳ್ಕೊಂಡು ಬಂದ್ರೆ ನಾನು ಖಾಲಿ ಇಲ್ಲ ಅಂತೀನಿ.

ಬಾಡಿಗೆ ಕಟ್ಟದೆ ಫೋನ್ ಎತ್ತದೆ ಹೋದ್ರೆ ಸಾಮಾನು ಹರಾಜು ಹಾಕ್ಬೋದಾ, ಟೀವೀಲಿ ತೋರಿಸ್ತಾರಲ್ಲ?

ಅದು ಅಮೆರಿಕದ್ದು, ಅಲ್ಲಿ ಅದಕ್ಕೇ ಅಂತ ಕಾನೂನಿದೆ. ನಮ್ಮ 1872ರ ಕಾಂಟ್ರ್ಯಾಕ್ಟ್ ಆಕ್ಟಲ್ಲಿ 171ನೇ ಸೆಕ್ಷನ್ ಬಾಕಿಗೆ ಸಾಮಾನು ಹಿಡಿದಿಟ್ಕೊಳ್ಳೋ ಸಾಮಾನ್ಯ ಹಕ್ಕನ್ನ ಬ್ಯಾಂಕಿನವರು, ವಕೀಲರು ಹೀಗೆ ಕೆಲವರಿಗೆ ಮಾತ್ರ ಕೊಟ್ಟಿದೆ, ಬೇರೆಯವರು ಒಪ್ಪಂದದಲ್ಲಿ ಬರೆಸ್ಕೊಂಡಿದ್ರೆ ಮಾತ್ರ. ಅದರ ಮೇಲೆ ಕೀ ಅವರ ಹತ್ರ ಇರೋದ್ರಿಂದ ಸಾಮಾನು ನಿಮ್ಮ ವಶಕ್ಕೆ ಬಂದಿದ್ಯಾ ಅನ್ನೋದೇ ಪ್ರಶ್ನೆ. ಹಾಗಾಗಿ ಬಾಡಿಗೆ ಕರಾರು ಅನ್ನದೆ ಲೀವ್ ಅಂಡ್ ಲೈಸೆನ್ಸ್ (ಜಾಗ ಬಳಸೋಕೆ ಅನುಮತಿ ಮಾತ್ರ) ಥರ ಬರೆಸಿ, ಎಷ್ಟು ತಿಂಗಳು ಬಾಕಿ ಆದ್ರೆ ಎಷ್ಟು ನೋಟಿಸು, ಯಾರ ಮುಂದೆ ಬೀಗ ತೆಗೆಯೋದು, ಆಮೇಲೆ ಏನು ಮಾಡೋದು ಎಲ್ಲಾ ಬಿಡಿಸಿ ಬರೆಸಿ, ವಕೀಲರಿಗೆ ಕೊಡೋ ಫೀಸು ಇಲ್ಲಿ ಉಳಿಸ್ಬೇಡಿ. ಮೂರು ತಿಂಗಳ ಡೆಪಾಸಿಟ್ಟು, ಮನೆಯವರ ಇನ್ನೊಂದು ನಂಬರ್ ಇಸ್ಕೊಂಡ್ರೆ ಮುಕ್ಕಾಲು ಪಾಲು ಗಲಾಟೆನೇ ಇರಲ್ಲ.

ಜಿಎಸ್‌ಟಿ ಎಷ್ಟು? ರೈತರ ಬೆಲ್ಲ, ಭತ್ತ ಇಟ್ರೆ ಇಲ್ವಂತೆ?

ಸ್ಟೋರೇಜ್ ಸೇವೆಗೆ 18 ಪರ್ಸೆಂಟು, ವರ್ಷದ ವಹಿವಾಟು 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಶನ್ ಮಾಡಿಸ್ಬೇಕು. ಭತ್ತ, ಅಕ್ಕಿ ದಾಸ್ತಾನಿಗೆ ವಿನಾಯಿತಿ ಇದೆ. ಬೆಲ್ಲಕ್ಕೆ ಇಲ್ಲ, 2022ರ ಜುಲೈ 18ರಿಂದ ತೆಗೆದಿದ್ದಾರೆ. ಆಲೆಮನೆಯವರಿಗೆ ಇದನ್ನ ಹೇಳಿದ್ರೆ ನಂಬಲ್ಲ, ಕಬ್ಬು ನಮ್ದೇ ಬೆಲ್ಲ ನಮ್ದೇ ಅಂತಾರೆ. ಅದೇನೇ ಇರ್ಲಿ, ಬೆಲ್ಲ ಭತ್ತ ಎರಡೂ ಮನೆ ಸಾಮಾನಿನ ಶೆಡ್ಡಲ್ಲಿ ಬೇಡ, ಇರುವೆ, ಹುಳ, ತೇವ ಎಲ್ಲಾ ಜೊತೇಲೇ ಬರತ್ತೆ.

ಶೆಡ್ ಕಟ್ಟೋವಾಗ ಸ್ಟೀಲಿಗೆ ಕೊಟ್ಟ ಜಿಎಸ್‌ಟಿ ವಾಪಸ್ ಸಿಗತ್ತಾ ಅಂತ ಲೆಕ್ಕ ಗೊತ್ತಿರೋರು ಕೇಳ್ತಾರೆ. ಜಿಎಸ್‌ಟಿ ಕಾಯ್ದೆ 17ನೇ ಸೆಕ್ಷನ್‌ನ 5ಡಿ ಅದನ್ನ ತಡೆಯತ್ತೆ. 2024ರ ಅಕ್ಟೋಬರ್ 3ಕ್ಕೆ ಸುಪ್ರೀಂ ಕೋರ್ಟಿನ ಸಫಾರಿ ರಿಟ್ರೀಟ್ಸ್ ತೀರ್ಪು ಬಂದಾಗ ಬಾಡಿಗೆಗೆ ಕಟ್ಟೋರಿಗೆ ಆಸೆ ಹುಟ್ಟಿತ್ತು, ಆ ತೀರ್ಪು ನಿಂತಿದ್ದು ಕಾಯ್ದೇಲಿದ್ದ ‘ಪ್ಲಾಂಟ್ ಆರ್ ಮಷಿನರಿ’ ಅನ್ನೋ ಪದದ ಮೇಲೆ. 2025ರ ಫೈನಾನ್ಸ್ ಆಕ್ಟಲ್ಲಿ ಆ ‘ಆರ್’ ತೆಗೆದು ‘ಅಂಡ್’ ಮಾಡಿದ್ರು, ಅದೂ 2017ರಿಂದಲೇ ಅನ್ವಯ. ಆ ದುಡ್ಡು ಬರಲ್ಲ ಅಂತಲೇ ಪ್ರಾಜೆಕ್ಟ್ ರಿಪೋರ್ಟ್ ಮಾಡಿ.

ಈಗ ಚಿಕ್ಕದು ಕಟ್ಟಿ ಆಮೇಲೆ ಉದ್ದ ಮಾಡ್ಬೋದಾ? ಮೇಲೆ ಸೋಲಾರ್?

ಎರಡೂ ಆಗತ್ತೆ, ಎರಡನ್ನೂ ಮೊದಲ ದಿನವೇ ಡಿಸೈನ್ ಮಾಡೋರಿಗೆ ಹೇಳಿರ್ಬೇಕು. ಉದ್ದ ಮಾಡ್ಬೇಕಾದ ಕಡೆ ಕೊನೇ ಗೋಡೆಗೂ ಪೂರ್ತಿ ಮೇನ್ ಫ್ರೇಮೇ ಹಾಕ್ಸಿ, ಅಗ್ಗದ ಸಣ್ಣ ಫ್ರೇಮ್ ಹಾಕಿದ್ರೆ ಆಮೇಲೆ ಅದನ್ನ ಕಿತ್ತೇ ಮುಂದುವರಿಸ್ಬೇಕು. ಸೋಲಾರಿಗೆ ಚದರ ಮೀಟರಿಗೆ 15 ಕೆಜಿ ಜಾಸ್ತಿ ಹೊರೆ ಹಿಡೀರಿ, ಸ್ಟೀಲು ಸ್ವಲ್ಪ ಜಾಸ್ತಿ ಆಗತ್ತೆ ಅಷ್ಟೇ.

ಬಿಸಿನೆಸ್ ಕೈಕೊಟ್ರೆ ಶೆಡ್ ಬಿಚ್ಚಿ ಮಾರ್ಬೋದು ಅಂತಾರೆ, ನಿಜಾನಾ?

ಫ್ರೇಮು, ಪರ್ಲಿನ್ನು ಬೋಲ್ಟಿಂದು, ಬಿಚ್ಚಿ ಬೇರೆ ಕಡೆ ನಿಲ್ಲಿಸ್ಬೋದು, ಹಳೇ ಡ್ರಾಯಿಂಗೂ ಡಿಸೈನ್ ಲೆಕ್ಕಾನೂ ಇದ್ರೆ ತಗೊಳ್ಳೋರೂ ಸಿಗ್ತಾರೆ. ಛಾವಣಿ ಶೀಟು ಸ್ಕ್ರೂ ತೂತಾಗಿರೋದ್ರಿಂದ ಮತ್ತೆ ಛಾವಣಿಗೆ ಆಗಲ್ಲ, ಬೇಲಿಗೋ ದನದ ಕೊಟ್ಟಿಗೆಗೋ ಹೋಗತ್ತೆ. ಗ್ಲಾಸ್ ವೂಲು ಕಸ. ನೆಲ, ಫೌಂಡೇಶನ್ ಅಲ್ಲೇ ಉಳಿಯತ್ತೆ, ಅದಕ್ಕೆ ಹಾಕಿದ ದುಡ್ಡೂ ಅಲ್ಲೇ. ಬಿಚ್ಚೋಕಿಂತ ಇಡೀ ಶೆಡ್ಡನ್ನ ಒಬ್ಬ ಡಿಸ್ಟ್ರಿಬ್ಯೂಟರಿಗೆ ಗೋಡೌನಾಗಿ ಕೊಡೋದು ಸುಲಭ, ಅದಕ್ಕೇ ಒಳಗಿನ ರೂಮುಗಳ ಗೋಡೆನ ಇಟ್ಟಿಗೇಲಿ ಕಟ್ಬೇಡಿ, ಬಿಚ್ಚೋ ಥರದ ಶೀಟ್ ಪಾರ್ಟಿಶನ್ನೇ ಹಾಕ್ಸಿ.